ಹಲಸೂರು ಕೆರೆಯ ನೀರು ಮತ್ತು ಕ್ಷಣಜೀವಿ ರ್ಯಾಡಿಕಲ್‌ಗಳ ಸಾಕ್ಷ್ಯ

ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಲು ಬಹುಕಾಲದಿಂದ ಬಳಕೆಯಲ್ಲಿರುವ ಉಪಕರಣದ ತುದಿಯಲ್ಲಿ, ತೆಳುವಾದ ಪ್ಲಾಸ್ಟಿಕ್ ಪೊರೆಯ ಹಿಂದೆ, ಪ್ಲಾಟಿನಂ ಲೋಹದ ಒಂದು ಪುಟ್ಟ ಬಿಲ್ಲೆಯಿರುತ್ತದೆ. ಅಮೆರಿಕದ ಲೆಲೆಂಡ್ ಕ್ಲಾರ್ಕ್ 1956ರಲ್ಲಿ ಪ್ರಕಟಿಸಿದ ಈ ವಿನ್ಯಾಸದಲ್ಲಿ, ಪೊರೆಯನ್ನು ದಾಟಿ ಬಂದ ಆಮ್ಲಜನಕದ ಅಣು ಬಿಲ್ಲೆಯಿಂದ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ ಮತ್ತು ಹಾಗೆ ಹರಿದ ಸಣ್ಣ ವಿದ್ಯುತ್ ಪ್ರವಾಹವನ್ನೇ ಮೀಟರು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಅಂಕಿಯಾಗಿ ತೋರಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧ ನೀರು ಗಾಳಿಯಿಂದ ಲೀಟರಿಗೆ ಏಳೂವರೆ ಮಿಲಿಗ್ರಾಂನಷ್ಟು ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ಮೀನುಗಳು ಬದುಕುವ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ, ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಕುಸಿದದ್ದರ ಕಡೆಗೇ ಎಲ್ಲರ ಗಮನ ಹರಿಯಿತು. ಆಮ್ಲಜನಕದ ಕೊರತೆಯನ್ನು ಹೇಳುವ ಇಂಥ ಮೀಟರಿನೊಳಗೆ ನಡೆಯುವುದು ವಿದ್ಯುದ್ರಾಸಾಯನಿಕ ಕ್ರಿಯೆ, ಅಂದರೆ ಲೋಹ ಮತ್ತು ದ್ರವ ಸಂಧಿಸುವ ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳು ಕೈಬದಲಾಗುವ ಕ್ರಿಯೆ. ಮೀಟರು ಅದರ ಮೊದಲನ್ನೂ ಕೊನೆಯನ್ನೂ ಮಾತ್ರ ಬಲ್ಲದು.

ಪ್ಲಾಟಿನಂ ಮೇಲೆ ಒಂದು ಆಮ್ಲಜನಕದ ಅಣು ಬಹುಮಟ್ಟಿಗೆ ನಾಲ್ಕು ಎಲೆಕ್ಟ್ರಾನುಗಳನ್ನು ಪಡೆದು ನೀರು ಅಥವಾ ಹೈಡ್ರಾಕ್ಸೈಡ್ ಅಯಾನು ಆಗುತ್ತದೆ. ಚಿನ್ನ ಅಥವಾ ಇಂಗಾಲದ ಮೇಲಾದರೆ ಹಲವು ಸಂದರ್ಭಗಳಲ್ಲಿ ಎರಡನ್ನು ಪಡೆದು ಹೈಡ್ರೋಜನ್ ಪೆರಾಕ್ಸೈಡ್ ಹಂತದಲ್ಲೇ ನಿಲ್ಲುತ್ತದೆ. ನಾಲ್ಕೂ ಎಲೆಕ್ಟ್ರಾನುಗಳು ಒಮ್ಮೆಗೇ ಬರುವುದಿಲ್ಲವಾದ್ದರಿಂದ ನಡುವೆ ಅರೆಬರೆ ಸ್ಥಿತಿಗಳು ಇರಲೇಬೇಕು. ಒಂದೇ ಎಲೆಕ್ಟ್ರಾನನ್ನು ಪಡೆದ ಆಮ್ಲಜನಕಕ್ಕೆ ಸೂಪರಾಕ್ಸೈಡ್ ಎಂದು ಹೆಸರು. ಸಾಮಾನ್ಯ ಅಣುಗಳಲ್ಲಿ ಎಲೆಕ್ಟ್ರಾನುಗಳು ಎರಡೆರಡಾಗಿ ಜೋಡಿಗೊಂಡಿರುತ್ತವೆ. ಜೋಡಿಯಿಲ್ಲದ ಎಲೆಕ್ಟ್ರಾನನ್ನು ಹೊತ್ತ ಅಣು, ಅಯಾನು ಅಥವಾ ಪರಮಾಣುಗಳ ಗುಂಪನ್ನು ರ್ಯಾಡಿಕಲ್ ಎನ್ನುತ್ತಾರೆ, ಸೂಪರಾಕ್ಸೈಡ್ ಅಂಥದೊಂದು. ಇಂಥವು ಸ್ವತಂತ್ರವಾಗಿ ಇರಬಲ್ಲವೆಂದು ಮಿಷಿಗನ್ ವಿಶ್ವವಿದ್ಯಾಲಯದ ಮೋಸೆಸ್ ಗೊಂಬರ್ಗ್ 1900ರಲ್ಲಿ ತೋರಿಸಿದಾಗ ಅದನ್ನು ಒಪ್ಪಲು ರಸಾಯನ ವಿಜ್ಞಾನಿಗಳು ಹಿಂಜರಿದರು. ಒಂಟಿ ಎಲೆಕ್ಟ್ರಾನು ಸಿಕ್ಕಿದ ಅಣುವಿನೊಡನೆ ವರ್ತಿಸಿ ಜೋಡಿಯನ್ನು ಪಡೆಯಲು ಯತ್ನಿಸುವುದರಿಂದ ರ್ಯಾಡಿಕಲ್‌ಗಳು ಉಳಿಯುವುದೇ ಅಪರೂಪ.

ಅಪರೂಪವಾದರೂ ಅಸಾಧ್ಯವಲ್ಲ, ಉಳಿಯುವ ಕಾಲವನ್ನು ನಿರ್ಧರಿಸುವುದು ಸುತ್ತಣ ಪರಿಸರ. ಬಿಳಿ ಬಟ್ಟೆಯ ಹೊಳಪಿಗೆ ಬಳಸುತ್ತ ಬಂದಿರುವ ಅಲ್ಟ್ರಾಮರೀನ್ ನೀಲಿ ಪುಡಿಯ ಬಣ್ಣ ಹುಟ್ಟುವುದು ಮೂರು ಗಂಧಕ ಪರಮಾಣುಗಳ ಒಂದು ರ್ಯಾಡಿಕಲ್‌ನಿಂದ. ಅಲ್ಯೂಮಿನಿಯಂ ಮತ್ತು ಸಿಲಿಕಾನಿನ ಆಕ್ಸೈಡುಗಳ ಪಂಜರದಲ್ಲಿ ಸಿಕ್ಕಿಕೊಂಡಿರುವ ಕಾರಣ ಅದು ವರ್ಷಾನುಗಟ್ಟಲೆ ಹಾಗೆಯೇ ಇರುತ್ತದೆ. ಅದೇ ರ್ಯಾಡಿಕಲ್ ಲಿಥಿಯಂ–ಗಂಧಕ ಬ್ಯಾಟರಿಯ ದ್ರವದಲ್ಲಿಯೂ ಕಾಣಿಸಿಕೊಂಡು, ಸುಮಾರು 617 ನ್ಯಾನೊಮೀಟರ್ ತರಂಗಾಂತರದ ಕಿತ್ತಳೆ–ಕೆಂಪು ಬೆಳಕನ್ನು ಹೀರಿ ದ್ರವಕ್ಕೆ ನೀಲಿಯನ್ನು ಕೊಡುತ್ತದೆ, ಆದರೆ ಅಲ್ಲಿ ಅದರ ಬಾಳಿಕೆ ದ್ರಾವಕವನ್ನು ಅವಲಂಬಿಸಿರುತ್ತದೆ. ತಟಸ್ಥ ನೀರಿನಲ್ಲಿ ಸೂಪರಾಕ್ಸೈಡ್ ಸಾಂದ್ರತೆ ಲೀಟರಿಗೆ ಒಂದು ಮೈಕ್ರೊಮೋಲ್‌ನಷ್ಟಿದ್ದರೆ ಅದು ಒಂದೆರಡು ಸೆಕೆಂಡು ಬದುಕಬಹುದು. ನೀರಿನಿಂದ ಒಂದು ಎಲೆಕ್ಟ್ರಾನನ್ನೂ ಒಂದು ಪ್ರೋಟಾನನ್ನೂ ಕಿತ್ತಾಗ ಹುಟ್ಟುವ ಹೈಡ್ರಾಕ್ಸಿಲ್ ರ್ಯಾಡಿಕಲ್ ಇವೆಲ್ಲಕ್ಕಿಂತ ಉಗ್ರವಾದುದು. ಕೊಳಚೆಯಿಂದ ಕೂಡಿದ ಕೆರೆಯ ನೀರಿನಲ್ಲಿ ಅದರ ಆಯುಷ್ಯ ಕೆಲವೇ ಮೈಕ್ರೊಸೆಕೆಂಡು, ಅಂದರೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವು.

ಈ ಆಯುಷ್ಯವನ್ನು ದೂರಕ್ಕೆ ಪರಿವರ್ತಿಸಿ ನೋಡಿದರೆ ಸಮಸ್ಯೆಯ ನಿಜಸ್ವರೂಪ ತಿಳಿಯುತ್ತದೆ. ದ್ರವದಲ್ಲಿ ಸಣ್ಣ ಅಣುವೊಂದು ಗೊತ್ತುಗುರಿಯಿಲ್ಲದೆ ಅಲೆಯುತ್ತ ಒಂದು ಸೆಕೆಂಡಿನಲ್ಲಿ ಸರಾಸರಿ ಮೂವತ್ತು–ನಲವತ್ತು ಮೈಕ್ರೊಮೀಟರ್ ದೂರ ಹೋಗುತ್ತದೆ; ಅಲೆದಾಟದ ದೂರ ಕಾಲದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುವುದರಿಂದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು ಒಂದು ಮೈಕ್ರೊಮೀಟರ್, ಒಂದು ಮೈಕ್ರೊಸೆಕೆಂಡಿನಲ್ಲಿ ಮೂವತ್ತು ನ್ಯಾನೊಮೀಟರ್ ಮಾತ್ರ. ಸಣ್ಣ ಅಣುಗಳಲ್ಲಿ ವೇಗವಾದುದೆನಿಸಿದ ಹೈಡ್ರಾಕ್ಸಿಲ್ ರ್ಯಾಡಿಕಲ್ ಕೂಡ ನಾಲ್ಕು ಮೈಕ್ರೊಸೆಕೆಂಡಿನ ಬಾಳಿನಲ್ಲಿ ವಿದ್ಯುದ್ವಾರದಿಂದ, ಅಂದರೆ ದ್ರವಕ್ಕೆ ವಿದ್ಯುತ್ತನ್ನು ಒಯ್ಯುವ ಲೋಹ ಅಥವಾ ಇಂಗಾಲದ ತಗಡಿನಿಂದ, ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ದೂರ ಹೋಗುವುದರೊಳಗೆ ಮುಗಿದುಹೋಗುತ್ತದೆ. ಆದ್ದರಿಂದ ಇಂಥ ರ್ಯಾಡಿಕಲ್ ಪಾತ್ರೆಯ ತುಂಬ ಹರಡಿರುವುದಿಲ್ಲ. ಅದು ಇರುವುದು ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರದಲ್ಲಿ. ಅದನ್ನು ಹಿಡಿಯಲು ಹೊರಟ ಬೆಳಕು ಆ ಪದರವನ್ನೇ ನೋಡಬೇಕು, ಉಳಿದ ನೀರನ್ನೆಲ್ಲ ಲೆಕ್ಕದಿಂದ ಬಿಡಬೇಕು.

ವಿದ್ಯುತ್ ಪ್ರವಾಹ ಒಂದರಿಂದಲೇ ಸ್ವಲ್ಪ ಸುಳಿವು ಸಿಗುವುದುಂಟು. ವೋಲ್ಟೇಜನ್ನು ಏರಿಸಿ ಇಳಿಸಿ ಪ್ರವಾಹವನ್ನು ಗುರುತಿಸುತ್ತ ಹೋದಾಗ, ಹೋಗುವ ದಾರಿಯಲ್ಲಿ ಕಂಡ ಶಿಖರಕ್ಕೆ ಬರುವ ದಾರಿಯಲ್ಲಿ ಜೊತೆಗಾರ ಶಿಖರ ಇಲ್ಲದಿದ್ದರೆ, ನಡುವೆ ಹುಟ್ಟಿದ ಯಾವುದೋ ವಸ್ತು ವಾಪಸಾಗುವ ಮೊದಲೇ ನಾಶವಾಯಿತೆಂದು ಊಹಿಸಬಹುದು. ಆದರೆ ಆ ವಸ್ತು ಯಾವುದೆಂದು ಪ್ರವಾಹ ಹೇಳಲಾರದು, ಏಕೆಂದರೆ ಎಲ್ಲ ಎಲೆಕ್ಟ್ರಾನುಗಳೂ ಒಂದೇ ತೆರ. ವಸ್ತುವಿನ ಗುರುತು ಸಿಗಬೇಕಾದರೆ ಅದರ ರೋಹಿತ ಬೇಕು. ಅಣು ಯಾವ ಯಾವ ಬಣ್ಣದ ಬೆಳಕನ್ನು ಹೀರುತ್ತದೆ, ಯಾವುದನ್ನು ಚದುರಿಸುತ್ತದೆ, ಕಾಂತಕ್ಷೇತ್ರದಲ್ಲಿ ಯಾವ ಆವರ್ತನದ ಅಲೆಗೆ ಸ್ಪಂದಿಸುತ್ತದೆ ಎಂಬ ವಿವರವೇ ಅದರ ರೋಹಿತ, ಅದನ್ನು ಓದುವ ವಿದ್ಯೆಯೇ ರೋಹಿತದರ್ಶನ. ಅಮೆರಿಕದ ಥಿಯೊಡೋರ್ ಕುವಾನಾ ಮತ್ತು ಸಂಗಡಿಗರು 1964ರಲ್ಲಿ, ವಿದ್ಯುತ್ತನ್ನು ಹಾಯಗೊಡುವ ಪಾರದರ್ಶಕ ಲೇಪನವಿರುವ ಗಾಜನ್ನೇ ವಿದ್ಯುದ್ವಾರವನ್ನಾಗಿ ಬಳಸಿ, ಕ್ರಿಯೆ ನಡೆಯುತ್ತಿರುವಾಗಲೇ ಅದರ ಮೂಲಕ ಬೆಳಕನ್ನು ಹಾಯಿಸಿದರು. ಈ ವಿಧಾನದ ಪಾಠವಾಗಿ ಇಂದಿಗೂ ವಿದ್ಯಾರ್ಥಿಗಳಿಗೆ ತೋರಿಸುವ ಉದಾಹರಣೆ ಮೀಥೈಲ್ ವಯೊಲೊಜೆನ್ ಎಂಬ ಬಣ್ಣವಿಲ್ಲದ ಅಯಾನು. ಅದು ಒಂದು ಎಲೆಕ್ಟ್ರಾನನ್ನು ಪಡೆದ ಕೂಡಲೇ ಕಡು ನೀಲಿಯ ರ್ಯಾಡಿಕಲ್ ಆಗಿ 605 ನ್ಯಾನೊಮೀಟರಿನ ಸುತ್ತಮುತ್ತ ಬೆಳಕನ್ನು ಹೀರತೊಡಗುತ್ತದೆ.

ಎಲ್ಲ ರ್ಯಾಡಿಕಲ್‌ಗಳಿಗೂ ಇಂಥ ಗಾಢ ಬಣ್ಣವಿಲ್ಲ. ಸೂಪರಾಕ್ಸೈಡ್ ಹೀರುವುದು 245 ನ್ಯಾನೊಮೀಟರಿನ ಆಸುಪಾಸಿನ ನೇರಳಾತೀತ ಬೆಳಕನ್ನು. ಹೈಡ್ರಾಕ್ಸಿಲ್ ಇನ್ನೂ ಕಿರಿದಾದ ತರಂಗಾಂತರದಲ್ಲಿ, ಅದೂ ದುರ್ಬಲವಾಗಿ ಹೀರುತ್ತದೆ. ಕೆರೆಯ ನೀರಿನಲ್ಲಿ ಕರಗಿರುವ ಸಾವಯವ ವಸ್ತುಗಳೂ ನೈಟ್ರೇಟೂ ಅದೇ ವಲಯದಲ್ಲಿ ಬೆಳಕನ್ನು ಹೀರುವುದರಿಂದ ರ್ಯಾಡಿಕಲ್‌ನ ಕ್ಷೀಣ ಗುರುತು ಅವುಗಳ ನಡುವೆ ಕಳೆದುಹೋಗುತ್ತದೆ. ಇಲ್ಲಿ ನೆರವಿಗೆ ಬರುವುದು ಹೀರಿಕೆಯ ಬದಲು ಚದುರುವಿಕೆಯನ್ನು ಓದುವ ವಿಧಾನ, ಅದರ ಚರಿತ್ರೆಯಲ್ಲಿ ಬೆಂಗಳೂರಿಗೆ ಒಂದು ದೊಡ್ಡ ದಿನವಿದೆ. ಕಲ್ಕತ್ತೆಯಲ್ಲಿ 1928ರ ಫೆಬ್ರವರಿ 28ರಂದು ಕಂಡುಕೊಂಡ ಹೊಸ ವಿಕಿರಣದ ಬಗ್ಗೆ ಸಿ. ವಿ. ರಾಮನ್ ಅವರು ವಿಸ್ತಾರವಾಗಿ ಉಪನ್ಯಾಸ ನೀಡಿದ್ದು ಅದೇ ವರ್ಷದ ಮಾರ್ಚ್ 16ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಅಣುವಿನ ಮೇಲೆ ಬಿದ್ದ ಬೆಳಕಿನ ಬಹುಪಾಲು ಬಣ್ಣ ಬದಲಿಸದೆ ಚದುರಿದರೂ, ಕೋಟಿಯಲ್ಲಿ ಒಂದರಷ್ಟು ಫೋಟಾನುಗಳು ಅಣುವಿನ ಕಂಪನಕ್ಕೆ ಒಂದಿಷ್ಟು ಶಕ್ತಿಯನ್ನು ಕೊಟ್ಟೋ ಅದರಿಂದ ಪಡೆದೋ ಬೇರೆ ಬಣ್ಣ ತಳೆದು ಬರುತ್ತವೆ; ಬಣ್ಣದ ಆ ಪಲ್ಲಟವನ್ನು ಅಳೆದರೆ ಅಣುವಿನ ಬಂಧಗಳು ಎಷ್ಟು ಬಿಗಿಯಾಗಿವೆ ಎಂಬುದು ತಿಳಿಯುತ್ತದೆ. ಸೂಪರಾಕ್ಸೈಡ್, ಪೆರಾಕ್ಸೈಡ್ ಮತ್ತು ಆಮ್ಲಜನಕ ಮೂರರಲ್ಲೂ ಇರುವುದು ಎರಡು ಆಮ್ಲಜನಕ ಪರಮಾಣುಗಳ ನಡುವಿನ ಒಂದು ಬಂಧ. ಎಲೆಕ್ಟ್ರಾನು ಹೆಚ್ಚಿದಂತೆ ಆ ಬಂಧ ಸಡಿಲವಾಗುತ್ತದೆ, ಕಂಪನದ ತರಂಗಸಂಖ್ಯೆ ಇಳಿಯುತ್ತದೆ: ಆಮ್ಲಜನಕಕ್ಕೆ ಸೆಂಟಿಮೀಟರಿಗೆ ಸುಮಾರು 1,556, ಸೂಪರಾಕ್ಸೈಡಿಗೆ 1,100ರ ಮೇಲೆ, ಲಿಥಿಯಂ ಪೆರಾಕ್ಸೈಡಿಗೆ 800ರ ಆಸುಪಾಸು. ಮೂರೂ ಇಷ್ಟು ದೂರ ದೂರ ನಿಂತಿರುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವ ಭಯವಿಲ್ಲ.

ಕೋಟಿಯಲ್ಲಿ ಒಂದೆಂಬ ಪ್ರಮಾಣ ತೀರ ಕಡಿಮೆ. ಮೈಕ್ರೊಮೀಟರ್ ದಪ್ಪದ ಪದರದಲ್ಲಿರುವ ಕೆಲವೇ ಅಣುಗಳಿಂದ ಅಂಥ ಬೆಳಕನ್ನು ಆಯ್ದುಕೊಳ್ಳುವುದು ದೀರ್ಘಕಾಲ ಅಸಾಧ್ಯವೆನಿಸಿತ್ತು, ಆ ತೊಡಕು ಬಿಡಿಸಿಕೊಂಡದ್ದು ವಿದ್ಯುದ್ರಸಾಯನದ ಪ್ರಯೋಗಗಳಲ್ಲೇ ಎಂಬುದು ಈ ಚರಿತ್ರೆಯ ಅತ್ಯಂತ ಸಂತೋಷದ ಭಾಗ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಫ್ಲೈಷ್‌ಮನ್, ಹೆಂಡ್ರಾ ಮತ್ತು ಮಕ್ವಿಲನ್ 1974ರಲ್ಲಿ, ಮತ್ತೆ ಮತ್ತೆ ವಿದ್ಯುತ್ ಹಾಯಿಸಿ ತರಿತರಿಯಾಗಿಸಿದ ಬೆಳ್ಳಿಯ ವಿದ್ಯುದ್ವಾರದ ಮೇಲೆ ಕುಳಿತ ಪಿರಿಡೀನ್ ಅಣುಗಳಿಂದ ಅನಿರೀಕ್ಷಿತವಾಗಿ ಪ್ರಬಲವಾದ ರಾಮನ್ ಸಂಕೇತವನ್ನು ಪಡೆದರು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ವ್ಯಾನ್ ಡೈನ್ ಅವರ ತಂಡ 1975ರಲ್ಲಿ, ವಿದ್ಯುದ್ವಾರದ ಮೇಲೆ ಹುಟ್ಟಿದ ಟೆಟ್ರಾಸಯನೊಎಥಿಲೀನ್ ಅಣುವಿನ ರ್ಯಾಡಿಕಲ್ ಅಯಾನನ್ನು ಅನುರಣನ ರಾಮನ್ ವಿಧಾನದಿಂದ ಗುರುತಿಸಿತು. ಅನುರಣನ ಎಂದರೆ ರ್ಯಾಡಿಕಲ್ ತಾನೇ ಹೀರಬಲ್ಲ ಬಣ್ಣದ ಲೇಸರನ್ನು ಆರಿಸಿಕೊಳ್ಳುವುದು. ಆಗ ಆ ರ್ಯಾಡಿಕಲ್‌ನ ಚದುರುವಿಕೆ ಮಾತ್ರ ಸಾವಿರಪಟ್ಟು ಅಥವಾ ಅದಕ್ಕೂ ಹೆಚ್ಚು ಬಲಗೊಂಡು, ಸುತ್ತಲಿನ ದ್ರಾವಕ ಹಿಂದೆ ಸರಿಯುತ್ತದೆ. ಬೆಳ್ಳಿಯ ಮೇಲಿನ ಪ್ರಾಬಲ್ಯಕ್ಕೆ ಲೋಹದ ಮೇಲ್ಮೈಯೇ ಕಾರಣವೆಂದು ಅದೇ ವ್ಯಾನ್ ಡೈನ್ ಮತ್ತು ಜೀನ್‌ಮೇರ್ 1977ರಲ್ಲಿ ತೋರಿಸಿದರು. ಹೀಗೆ ಲೋಹಕ್ಕೆ ಅಂಟಿದ ಕೆಲವೇ ನ್ಯಾನೊಮೀಟರಿನ ಪದರವನ್ನು ಮಾತ್ರ ಎತ್ತಿ ತೋರಿಸುವ ಬೆಳಕು ವಿದ್ಯುದ್ರಸಾಯನಕ್ಕೆ ದೊರೆಯಿತು.

ಈ ಬೆಳಕಿನಿಂದ ಬಗೆಹರಿದ ಪ್ರಶ್ನೆಗಳಲ್ಲಿ ಲಿಥಿಯಂ–ಆಮ್ಲಜನಕ ಬ್ಯಾಟರಿಯದು ಮುಖ್ಯವಾದುದು. ಗಾಳಿಯ ಆಮ್ಲಜನಕವನ್ನೇ ಒಂದು ಧ್ರುವದಲ್ಲಿ ಬಳಸಿಕೊಳ್ಳುವ ಈ ಬ್ಯಾಟರಿ, ತಾತ್ತ್ವಿಕವಾಗಿ ಕಿಲೋಗ್ರಾಂ ಸಕ್ರಿಯ ವಸ್ತುವಿಗೆ ಸುಮಾರು 3,500 ವಾಟ್–ಗಂಟೆ ಶಕ್ತಿಯನ್ನು ಕೊಡಬಲ್ಲದಾದರೂ, ಕೆಲವು ಬಾರಿ ಚಾರ್ಜ್ ಆಗುವುದರೊಳಗೆ ಕೆಟ್ಟುಹೋಗುತ್ತಿತ್ತು. ಚಿನ್ನದ ವಿದ್ಯುದ್ವಾರದ ಮೇಲೆ ಮಾಡಿದ ಮೇಲ್ಮೈ ರಾಮನ್ ಅಧ್ಯಯನವನ್ನು ಪೀಟರ್ ಬ್ರೂಸ್ ಅವರ ತಂಡ 2011ರಲ್ಲಿ ಪ್ರಕಟಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು: ಮೊದಲು ಲಿಥಿಯಂ ಸೂಪರಾಕ್ಸೈಡ್ ಕಾಣಿಸಿಕೊಳ್ಳುತ್ತದೆ, ಕ್ರಮೇಣ ಅದರ ಗುರುತು ಅಳಿದು ಪೆರಾಕ್ಸೈಡಿನ ಗುರುತು ಮೇಲೇಳುತ್ತದೆ. ಸೂಪರಾಕ್ಸೈಡ್ ದ್ರಾವಕದಲ್ಲಿ ಕರಗಿ ಕೆಲಕಾಲ ತಿರುಗಾಡಿದರೆ ಪೆರಾಕ್ಸೈಡ್ ದೊಡ್ಡ ಉಂಗುರಾಕಾರದ ಹರಳುಗಳಾಗಿ ಬೆಳೆದು ಬ್ಯಾಟರಿಯ ಸಾಮರ್ಥ್ಯ ಹೆಚ್ಚುತ್ತದೆ; ಲೋಹಕ್ಕೇ ಅಂಟಿಕೊಂಡರೆ ತೆಳುವಾದ ಪೊರೆಯಾಗಿ ಹರಡಿ ವಿದ್ಯುತ್ತಿನ ದಾರಿಯನ್ನು ಮುಚ್ಚಿಬಿಡುತ್ತದೆ. ನೀರಿನ ಸೂಕ್ಷ್ಮಾಂಶವೂ ಈ ಆಯ್ಕೆಯನ್ನು ಬದಲಿಸಬಲ್ಲದೆಂಬುದನ್ನು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು, ಅದರ ಮೊದಲ ಲೇಖಕರಾದ ನಾಗ ಫಣಿ ಏಟುಕೂರಿ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ ಇದೇ ಬಗೆಯ ಬ್ಯಾಟರಿಗಳ ಅಧ್ಯಯನವನ್ನು ಮುಂದುವರಿಸಿದರು. ಬ್ಯಾಟರಿಯನ್ನು ಕೆಡಿಸುವುದರಲ್ಲಿ ಸೂಪರಾಕ್ಸೈಡಿನ ಜೊತೆ ಸಿಂಗ್ಲೆಟ್ ಆಮ್ಲಜನಕ ಎಂಬ, ರ್ಯಾಡಿಕಲ್ ಅಲ್ಲದಿದ್ದರೂ ಉತ್ತೇಜಿತ ಸ್ಥಿತಿಯಲ್ಲಿರುವ ರೂಪದ ಪಾಲೂ ಇದೆಯೆಂದು ತಿಳಿದದ್ದು 2016–17ರ ಸುಮಾರಿಗೆ, ಅದಕ್ಕೆ ದೊರೆತ ಸಾಕ್ಷ್ಯಗಳಲ್ಲಿ 1,270 ನ್ಯಾನೊಮೀಟರಿನಲ್ಲಿ ಅದು ಸೂಸುವ ಅವಗೆಂಪು ಬೆಳಕೂ ಒಂದು. ಅದೇ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿ ಅವರ ತಂಡ 2009ರಲ್ಲಿ ವಿವರಿಸಿದ ಅತಿವೇಗದ ರಾಮನ್ ನಷ್ಟ ರೋಹಿತದರ್ಶನ, ಎರಡು ಲೇಸರ್ ಮಿಡಿತಗಳನ್ನು ಒಟ್ಟಿಗೆ ಹಾಯಿಸಿ ಒಂದರ ಬೆಳಕು ಎಲ್ಲೆಲ್ಲಿ ಕುಗ್ಗಿತೆಂದು ಓದುವ ವಿಧಾನವಾಗಿದ್ದು, ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದೊಳಗೆ ಅಣುಗಳಲ್ಲಾಗುವ ಬದಲಾವಣೆಗಳನ್ನು ಹಿಂಬಾಲಿಸಲು ದಾರಿ ಮಾಡಿತು. ರಾಮನ್ ಅವರು ವಿಸ್ತಾರವಾದ ವಿವರಣೆ ಕೊಟ್ಟ ಊರಿನಲ್ಲಿ ಆ ವಿದ್ಯೆ ಹೀಗೆ ಬೆಳೆಯುತ್ತಿರುವುದು ಹೆಮ್ಮೆಪಡುವ ಸಂಗತಿ.

ಆದರೆ ಹಲಸೂರು ಕೆರೆಯ ಮಟ್ಟಿಗೆ ಹೆಚ್ಚು ಮುಖ್ಯವಾದ ರ್ಯಾಡಿಕಲ್ ಹೈಡ್ರಾಕ್ಸಿಲ್, ಅದನ್ನು ಗುರುತಿಸುವ ಕೆಲಸ ಇಷ್ಟು ನೇರವಾಗಿಲ್ಲ. ಕೊಳಚೆ ನೀರಿನಲ್ಲಿ ವಿದ್ಯುತ್ ಹಾಯಿಸಿ ಧನಧ್ರುವದಲ್ಲಿ ಈ ರ್ಯಾಡಿಕಲ್ ಅನ್ನು ಹುಟ್ಟಿಸಿದರೆ, ಸೂಕ್ಷ್ಮಜೀವಿಗಳು ಕರಗಿಸಲಾರದ ಬಣ್ಣ, ಔಷಧಿ ಮತ್ತು ಮಾರ್ಜಕಗಳ ಉಳಿಕೆಯನ್ನೂ ಅದು ಸುಟ್ಟಂತೆ ಒಡೆಯಬಲ್ಲದು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕ್ರಿಸ್ತೋಸ್ ಕೊಮ್ನಿನೆಲ್ಲಿಸ್ 1994ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ, ಕೆಲವು ಧನಧ್ರುವಗಳು ಹೈಡ್ರಾಕ್ಸಿಲನ್ನು ಬಿಗಿಯಾಗಿ ಹಿಡಿದು ತಮ್ಮದೇ ಆಕ್ಸೈಡಾಗಿ ಮಾಡಿಕೊಳ್ಳುವುದರಿಂದ ಮಂದವಾಗಿ ಕೆಲಸ ಮಾಡುತ್ತವೆ. ತವರದ ಆಕ್ಸೈಡ್, ಸೀಸದ ಡೈಆಕ್ಸೈಡ್, ಮತ್ತು ಬೋರಾನ್ ಬೆರೆಸಿದ ವಜ್ರದ ಲೇಪನದಂಥವು ಅದನ್ನು ಸಡಿಲವಾಗಿ ಬಿಡುವುದರಿಂದ ಅದು ಕೊಳೆಯ ಮೇಲೆ ಎರಗುತ್ತದೆ. ಹಳೆಯ ವಾಹನಗಳ ಬಿಡಿಭಾಗಗಳು ಮಾರಾಟವಾಗುವ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಮುಟ್ಟುವ ಸೀಸದ ಬ್ಯಾಟರಿಗಳಲ್ಲಿ, ಧನ ತಗಡಿನ ಮೇಲೆ ಇರುವ ಕಂದು ಪುಡಿಯೂ ಇದೇ ಸೀಸದ ಡೈಆಕ್ಸೈಡ್. ಹಾಗಿದ್ದರೂ ಅದನ್ನು ಕೆರೆಯ ನೀರಿಗೆ ಇಳಿಸುವುದು ಸಲ್ಲದು, ಸೀಸ ಕರಗಿ ನೀರಿಗೆ ಸೇರುವ ಅಪಾಯ ತಪ್ಪಿದ್ದಲ್ಲ. ವಜ್ರದ ಲೇಪನ ಈ ದೃಷ್ಟಿಯಿಂದ ಸುರಕ್ಷಿತವಾದರೂ ದುಬಾರಿ.

ಇಂಥ ಧನಧ್ರುವ ನಿಜವಾಗಿಯೂ ಹೈಡ್ರಾಕ್ಸಿಲನ್ನು ಹುಟ್ಟಿಸುತ್ತದೆಯೇ ಎಂದು ತಿಳಿಯಲು ಸಾಮಾನ್ಯವಾಗಿ ಆಶ್ರಯಿಸುವುದು ಎಲೆಕ್ಟ್ರಾನ್ ಪ್ಯಾರಾಕಾಂತೀಯ ಅನುರಣನವನ್ನು. ಕಜಾನ್ ನಗರದಲ್ಲಿ ಯೆವ್ಗೆನಿ ಜವೋಯಿಸ್ಕಿ 1944ರಲ್ಲಿ ಕಂಡುಹಿಡಿದ ಈ ವಿಧಾನ ಜೋಡಿಯಿಲ್ಲದ ಎಲೆಕ್ಟ್ರಾನನ್ನು ಮಾತ್ರ ನೋಡುತ್ತದೆ: ಸುಮಾರು 0.34 ಟೆಸ್ಲಾ ಕಾಂತಕ್ಷೇತ್ರದಲ್ಲಿಟ್ಟಾಗ ಒಂಟಿ ಎಲೆಕ್ಟ್ರಾನು 9.5 ಗಿಗಾಹರ್ಟ್ಸ್ ಆವರ್ತನದ ಸೂಕ್ಷ್ಮತರಂಗವನ್ನು ಹೀರುತ್ತದೆ, ಜೋಡಿಗೊಂಡ ಎಲೆಕ್ಟ್ರಾನುಗಳು ಹೀರುವುದಿಲ್ಲ. ಮಾಕಿ ಮತ್ತು ಗೆಸ್ಕೆ ಎಂಬ ಅಮೆರಿಕದ ವಿಜ್ಞಾನಿಗಳು 1959ರಲ್ಲೇ ಈ ಅನುರಣನವನ್ನು ಅಳೆಯುವ ಯಂತ್ರದೊಳಗೆ ವಿದ್ಯುದ್ವಿಭಜನೆ ನಡೆಸಿ ಅಲ್ಪಾಯು ರ್ಯಾಡಿಕಲ್‌ಗಳನ್ನು ಕಂಡರು. ಹೈಡ್ರಾಕ್ಸಿಲ್ ಮಾತ್ರ ನೀರಿನಲ್ಲಿ ನೇರವಾಗಿ ಕಾಣುವಷ್ಟು ಶೇಖರವಾಗುವುದಿಲ್ಲ, ಆದ್ದರಿಂದ 1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಉಪಾಯವೆಂದರೆ ಡಿಎಂಪಿಒ ಎಂಬಂಥ ಬೋನು ಅಣುವನ್ನು ನೀರಿಗೆ ಬೆರೆಸುವುದು. ಇಲಿಯನ್ನು ಕಾಣದೆಯೇ ಬೋನಿಗೆ ಬಿದ್ದದ್ದರಿಂದ ಅದರ ಇರವನ್ನು ತಿಳಿಯುವಂತೆ, ಕ್ಷಣಿಕ ರ್ಯಾಡಿಕಲ್ ಬೋನು ಅಣುವಿಗೆ ಸೇರಿಕೊಂಡಾಗ ಹುಟ್ಟುವ, ಹೆಚ್ಚು ಕಾಲ ಬಾಳುವ ಹೊಸ ರ್ಯಾಡಿಕಲ್‌ನ ರೋಹಿತವನ್ನು ಓದಲಾಗುತ್ತದೆ. ಹೈಡ್ರಾಕ್ಸಿಲ್ ಸಿಕ್ಕಿದ ಡಿಎಂಪಿಒ ನಾಲ್ಕು ಗೆರೆಗಳನ್ನು, 1:2:2:1 ಎಂಬ ಎತ್ತರದ ಅನುಪಾತದಲ್ಲಿ ಕೊಡುತ್ತದೆ, ಅವುಗಳ ನಡುವಿನ ಅಂತರ ಸುಮಾರು 15 ಗಾಸ್.

ಈ ನಾಲ್ಕು ಗೆರೆಗಳು ಕಂಡ ಕೂಡಲೇ ಹೈಡ್ರಾಕ್ಸಿಲ್ ಸಿಕ್ಕಿತೆಂದು ಘೋಷಿಸುವ ಅವಸರ ಈ ಕ್ಷೇತ್ರದ ಬಲು ದೊಡ್ಡ ದೋಷ. ಸೂಪರಾಕ್ಸೈಡ್ ಬೋನಿಗೆ ಬಿದ್ದಾಗ ಹುಟ್ಟುವ ರ್ಯಾಡಿಕಲ್ ಒಂದು ನಿಮಿಷದ ಆಸುಪಾಸಿನಲ್ಲೇ ಅರ್ಧಕ್ಕೆ ಇಳಿಯುತ್ತದೆ ಮತ್ತು ಹಾಗೆ ಕೆಡುವಾಗ ಅದರ ಒಂದಂಶ ಹೈಡ್ರಾಕ್ಸಿಲ್ ಸಿಕ್ಕಿದ ರೂಪವನ್ನೇ ತಾಳುತ್ತದೆ. ಅದಕ್ಕಿಂತ ಗಂಭೀರವಾದುದು ಇನ್ನೊಂದು ದಾರಿ: ಧನಧ್ರುವದ ವೋಲ್ಟೇಜು ಹೈಡ್ರಾಕ್ಸಿಲನ್ನು ಹುಟ್ಟಿಸುವಷ್ಟು ಹೆಚ್ಚಿದ್ದಾಗ, ಆ ಧ್ರುವ ಬೋನು ಅಣುವಿನಿಂದಲೇ ನೇರವಾಗಿ ಒಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳಬಲ್ಲದು, ಹಾಗೆ ಧನ ಆವೇಶ ಪಡೆದ ಬೋನು ಅಣುವಿಗೆ ಸಾಮಾನ್ಯ ನೀರಿನ ಅಣುವೊಂದು ಸೇರಿಕೊಂಡರೂ ಕೊನೆಗೆ ದೊರೆಯುವ ವಸ್ತು ಅದೇ, ರೋಹಿತವೂ ಅದೇ ನಾಲ್ಕು ಗೆರೆಗಳದು. ಹೈಡ್ರಾಕ್ಸಿಲ್ ಒಂದೂ ಹುಟ್ಟದೆ ಅದು ಹುಟ್ಟಿತೆಂಬ ಸಾಕ್ಷ್ಯ ಹೀಗೆ ಸಿದ್ಧವಾಗುತ್ತದೆ. ಟೆರೆಥ್ಯಾಲಿಕ್ ಆಮ್ಲ ಅಥವಾ ಕೂಮರಿನ್ ಬೆರೆಸಿ, ಅವು ಹೈಡ್ರಾಕ್ಸಿಲ್ ಸೇರಿದಾಗ ಸೂಸುವ ನೀಲಿ ಪ್ರತಿದೀಪ್ತಿಯನ್ನು ಅಳೆಯುವ ಅಗ್ಗದ ವಿಧಾನವೂ ಇದೇ ಆಕ್ಷೇಪಕ್ಕೆ ಒಳಗಾಗುತ್ತದೆ, ಆ ಅಣುಗಳೂ ಧನಧ್ರುವಕ್ಕೆ ನೇರವಾಗಿ ಎಲೆಕ್ಟ್ರಾನು ಕೊಡಬಲ್ಲವು. ವಿದ್ಯುದ್ವಾರವಿಲ್ಲದ ಪ್ರಯೋಗಗಳಿಗಾಗಿ ರೂಪುಗೊಂಡ ಪರೀಕ್ಷೆಯನ್ನು ವಿದ್ಯುದ್ವಾರದ ಬಳಿಗೆ ತಂದಾಗ ಅದರ ಅರ್ಥವೇ ಬದಲಾಗುತ್ತದೆ ಎಂಬುದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಈ ಗೊಂದಲವನ್ನು ಬಿಡಿಸುವ ಒಂದು ಸರಳ ಪರೀಕ್ಷೆಯಿದೆ. ನೀರಿಗೆ ಬೋನು ಅಣುವಿಗಿಂತ ಬಹಳ ಹೆಚ್ಚು ಪ್ರಮಾಣದಲ್ಲಿ ಎಥನಾಲ್ ಬೆರೆಸಿದರೆ, ನಿಜವಾದ ಹೈಡ್ರಾಕ್ಸಿಲ್ ಬೋನಿಗಿಂತ ಮೊದಲು ಎಥನಾಲಿನ ಮೇಲೆ ಎರಗಿ ಇಂಗಾಲದ ರ್ಯಾಡಿಕಲ್ ಒಂದನ್ನು ಹುಟ್ಟಿಸುತ್ತದೆ, ಅದು ಬೋನಿಗೆ ಬಿದ್ದು ಆರು ಗೆರೆಗಳ ಬೇರೆಯೇ ರೋಹಿತವನ್ನು ಕೊಡುತ್ತದೆ. ಎಥನಾಲ್ ಬೆರೆಸಿದ ಮೇಲೂ ನಾಲ್ಕು ಗೆರೆಗಳೇ ಹಾಗೆಯೇ ಉಳಿದರೆ ಅವು ಬೋನು ಅಣು ಸುಟ್ಟುಕೊಂಡು ಹುಟ್ಟಿದವೆಂಬ ಅನುಮಾನ ಬಲವಾಗುತ್ತದೆ. ಇದರ ಜೊತೆಗೆ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ನಾಲ್ಕು ಗೆರೆಗಳು ಯಾವ ಮಟ್ಟದಲ್ಲಿ ಮೊದಲು ಕಾಣಿಸುತ್ತವೆ, ಬೋನು ಅಣು ಒಂದೇ ಇದ್ದಾಗ ಯಾವ ಮಟ್ಟದಲ್ಲಿ ಪ್ರವಾಹ ಏಳುತ್ತದೆ ಎಂಬ ಎರಡನ್ನೂ ಹೋಲಿಸಿ ನೋಡಬೇಕು.

ಬಟ್ಟಿ ಇಳಿಸಿದ ನೀರಿನಲ್ಲಿ ಈ ಪರೀಕ್ಷೆಗಳೆಲ್ಲ ತೃಪ್ತಿಕರವಾಗಿ ಮುಗಿದರೂ ಕೆರೆಯ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಹಲಸೂರು ಕೆರೆಯ ಹೆಚ್ಚುವರಿ ನೀರು ಪೂರ್ವದ ಬಡಾವಣೆಗಳ ನಡುವಿನ ಕಾಲುವೆಗಳಲ್ಲಿ ಹರಿದು ಬೆಳ್ಳಂದೂರಿನ ಕಡೆಗೆ ಸಾಗುತ್ತದೆ, ಕೆ.ಆರ್. ಪುರದ ಆಚೆಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು ಬರುತ್ತದೆ. ಮನೆಗಳ ಬಚ್ಚಲು ನೀರು ಸೇರುವ ಇಂಥ ಹರಿವುಗಳಲ್ಲಿ ಉಪ್ಪಿನ ಕ್ಲೋರೈಡೂ, ಬೈಕಾರ್ಬನೇಟೂ, ಅಮೋನಿಯವೂ, ಕರಗಿದ ಸಾವಯವ ವಸ್ತುಗಳೂ ತುಂಬಿರುತ್ತವೆ. ಬೈಕಾರ್ಬನೇಟ್ ಹೈಡ್ರಾಕ್ಸಿಲನ್ನು ನುಂಗಿ, 600 ನ್ಯಾನೊಮೀಟರಿನ ಸುತ್ತ ಬೆಳಕನ್ನು ಹೀರುವ, ಅದಕ್ಕಿಂತ ಸೌಮ್ಯವಾದ ಕಾರ್ಬನೇಟ್ ರ್ಯಾಡಿಕಲ್ ಆಗುತ್ತದೆ. ಕ್ಲೋರೈಡ್ ಧನಧ್ರುವದಲ್ಲಿ ಕ್ಲೋರಿನ್ನಾಗಿ, ಹೈಪೊಕ್ಲೋರೈಟಾಗಿ ಬದಲಾಗುತ್ತದೆ. ಅದು ಬಣ್ಣವನ್ನು ಅಳಿಸಿ ಅಮೋನಿಯವನ್ನು ಒಡೆಯುವುದರಿಂದ, ನೀರು ತಿಳಿಯಾದುದನ್ನು ಕಂಡು ರ್ಯಾಡಿಕಲ್ ಕೆಲಸ ಮಾಡಿತೆಂದು ಭಾವಿಸುವುದು ಸುಲಭ. ಆದರೆ ಸಾವಯವ ಕೊಳೆಯೊಡನೆ ಸೇರಿದ ಕ್ಲೋರಿನ್ ಹೊಸ ವಿಷಕಾರಿ ಸಂಯುಕ್ತಗಳನ್ನು ಉಂಟುಮಾಡಬಲ್ಲದು, ವಜ್ರದ ಧನಧ್ರುವದ ಮೇಲಾದರೆ ಕ್ಲೋರೇಟ್ ಮತ್ತು ಪರ್‌ಕ್ಲೋರೇಟಿನವರೆಗೂ ಕ್ರಿಯೆ ಮುಂದುವರಿಯಬಲ್ಲದು. ಕೊಳೆಯನ್ನು ಒಡೆದದ್ದು ಹೈಡ್ರಾಕ್ಸಿಲೋ ಕ್ಲೋರಿನ್ನೋ ಎಂಬ ಪ್ರಶ್ನೆ ಮೀನುಗಳಿಗೂ ಆ ನೀರನ್ನು ಬಳಸುವ ಕೆಳಪಾತ್ರದ ರೈತರಿಗೂ ಸಂಬಂಧಿಸಿದ್ದು.

ರ್ಯಾಡಿಕಲ್‌ನ ಆಯುಷ್ಯದ ಲೆಕ್ಕ ಇಲ್ಲಿ ಇನ್ನೊಂದು ಮಾತನ್ನು ಖಚಿತಪಡಿಸುತ್ತದೆ. ಮೈಕ್ರೊಮೀಟರಿನ ಹತ್ತರಲ್ಲೊಂದು ಭಾಗದಷ್ಟೇ ದೂರ ಸಾಗುವ ಹೈಡ್ರಾಕ್ಸಿಲ್ ಕೆರೆಯ ತುಂಬ ಹರಡಿ ಕೊಳೆಯನ್ನು ಕರಗಿಸುತ್ತದೆಂಬ ಭರವಸೆಗೆ ರಸಾಯನ ವಿಜ್ಞಾನದಲ್ಲಿ ಆಧಾರವಿಲ್ಲ. ಕೊಳೆಯೇ ವಿದ್ಯುದ್ವಾರದ ಬಳಿಗೆ ಬರಬೇಕು, ಅಂದರೆ ನೀರನ್ನೆಲ್ಲ ಪಂಪಿನಿಂದ ತಗಡುಗಳ ನಡುವೆ ಹಾಯಿಸಬೇಕು, ಅದಕ್ಕೆ ತಗಲುವ ವಿದ್ಯುತ್ತನ್ನು ಲೆಕ್ಕಕ್ಕೆ ಹಿಡಿಯಬೇಕು. ಚರಂಡಿಯ ಬಾಯಲ್ಲಿ, ಅಥವಾ ಜೈವಿಕ ಶುದ್ಧೀಕರಣ ಮುಗಿದ ಮೇಲೆ ಉಳಿಯುವ ಅಲ್ಪ ಪ್ರಮಾಣದ ಹಠಮಾರಿ ಕೊಳೆಗೆ ಈ ವಿಧಾನ ತಕ್ಕುದಾಗಬಹುದು. ಕೆರೆಯ ನಡುವೆ ತೇಲಬಿಟ್ಟ ಯಂತ್ರದಿಂದ ಅದೇ ಫಲವನ್ನು ಬಯಸುವುದಕ್ಕೆ ಕಾರಣವಿಲ್ಲ.

ಆದ್ದರಿಂದ ಪೂರ್ವ ಬೆಂಗಳೂರಿನ ಯಾವುದೇ ಕೆರೆಗೆ ರ್ಯಾಡಿಕಲ್‌ಗಳ ಹೆಸರಿನಲ್ಲಿ ಶುದ್ಧೀಕರಣದ ಪ್ರಸ್ತಾವ ಬಂದಾಗ, ಒಪ್ಪಿಗೆ ಕೊಡುವವರು ಕೇಳಬೇಕಾದ ಸಾಕ್ಷ್ಯ ಯಾವುದೆಂಬುದು ಅಸ್ಪಷ್ಟವೇನಲ್ಲ: ಆ ಕೆರೆಯ ನೀರಿನಲ್ಲೇ ತೆಗೆದ ಎಲೆಕ್ಟ್ರಾನ್ ಪ್ಯಾರಾಕಾಂತೀಯ ಅನುರಣನ ರೋಹಿತ, ಎಥನಾಲ್ ಬೆರೆಸಿದಾಗ ಅದು ಬದಲಾದ ಬಗೆ, ಬೋನು ಅಣುವನ್ನು ಅವಲಂಬಿಸದ ಇನ್ನೊಂದು ವಿಧಾನದ ಸಮರ್ಥನೆ, ಮತ್ತು ಕ್ರಿಯೆಯ ಕೊನೆಯಲ್ಲಿ ಕ್ಲೋರೇಟಿನ ಅಳತೆ. ಇದಕ್ಕೆ ಬೇಕಾದ ಯಂತ್ರಗಳೂ ಅವನ್ನು ಬಲ್ಲವರೂ ಇದೇ ನಗರದಲ್ಲಿದ್ದಾರೆ. ಎಚ್ಚರ ವಹಿಸಬೇಕಾದ ಒಂದು ಅಂಶವೆಂದರೆ, ಬೋನಿಗೆ ಬಿದ್ದ ರ್ಯಾಡಿಕಲ್ ಕೂಡ ಕೆಲವು ಹತ್ತು ನಿಮಿಷಗಳಲ್ಲಿ ಕೆಡತೊಡಗುವುದರಿಂದ, ಕೆರೆಯ ದಂಡೆಯಲ್ಲಿ ವಿದ್ಯುತ್ ಹಾಯಿಸಿ ಆ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ಯುವುದು ಸರಿಯಾದ ಕ್ರಮವಲ್ಲ. ಕೆರೆಯ ನೀರನ್ನು ತಂಪಾಗಿಟ್ಟು ಒಯ್ದು, ರೋಹಿತದರ್ಶಕದ ಕಾಂತದ ನಡುವೆಯೇ ಅದರಲ್ಲಿ ವಿದ್ಯುತ್ ಹಾಯಿಸಬೇಕು, ಆ ನೀರನ್ನು ಹಿಡಿದ ಕೋಶ ಸೂಕ್ಷ್ಮತರಂಗಗಳನ್ನು ನೀರೇ ನುಂಗಿಬಿಡದಷ್ಟು ಚಪ್ಪಟೆಯಾಗಿರಬೇಕು.